ಅಗೇಟ್: ತಕ್ಕಡಿಯೊಳಗಿನ ರತ್ನಶಿಲೆ

ಕಾಲೇಜಿನ ಪ್ರಯೋಗಶಾಲೆಯಲ್ಲಿ ತೂಕ ಮಾಡಿರುವ ವಿದ್ಯಾರ್ಥಿಗಳಲ್ಲಿ, ಸೂಕ್ಷ್ಮ ತಕ್ಕಡಿಯ ದಂಡವು ಯಾವುದರ ಮೇಲೆ ನಿಂತಿದೆಯೆಂದು ನೋಡಿದವರೆಷ್ಟು ಮಂದಿ? ದಂಡದ ನಡುವೆ ಕತ್ತಿಯ ಅಲಗಿನಂತಹ ಕಲ್ಲಿನ ಅಂಚೊಂದುಂಟು; ಅದೇ ಜಾತಿಯ ಕಲ್ಲಿನ ನುಣುಪಾದ ಫಲಕದ ಮೇಲೆ ಅದು ತೂಗುತ್ತದೆ. ಆ ಕಲ್ಲೇ ಅಗೇಟ್. ಉಂಗುರಕ್ಕೂ ಜಪಮಾಲೆಗೂ ಒದಗುವ ಈ ಶಿಲೆಯನ್ನು ಉರ್ದು ಬಲ್ಲವರು ಅಕೀಕ್ ಎನ್ನುವರು.

ಇದರ ಹುಟ್ಟನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ವಿಜಯಪುರ, ತಿಕೋಟಾ, ಬಬಲೇಶ್ವರಗಳ ಎರೆಮಣ್ಣಿನ ಕೆಳಗಿರುವುದು ದಖ್ಖನ್ನಿನ ಬಸಾಲ್ಟ್ ಶಿಲೆ. ಗೋಲಗುಮ್ಮಟವೂ ಈ ಕಪ್ಪುಗಲ್ಲಿನ ಕಟ್ಟಡವೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಲಾವಾರಸವು ಹೊರಹರಿದು ಪದರಪದರವಾಗಿ ಹೆಪ್ಪುಗಟ್ಟಿತು. ಅದರೊಳಗಿನ ಅನಿಲದ ಗುಳ್ಳೆಗಳಿದ್ದೆಡೆ ಪೊಳ್ಳುಗಳು ಉಳಿದವು. ಮುಂದೆ ಸಿಲಿಕವನ್ನು ಕರಗಿಸಿಕೊಂಡ ನೀರು ಆ ಪೊಳ್ಳುಗಳನ್ನು ಹೊಕ್ಕಿತು. ಸಿಲಿಕವು ಗೋಡೆಯಿಂದ ಒಳಮುಖವಾಗಿ, ಅತಿಸೂಕ್ಷ್ಮ ಸ್ಫಟಿಕಗಳ ಎಳೆಗಳಾಗಿ ಕೂಡುತ್ತ ಬಂದಿತು. ಕಬ್ಬಿಣದ ಆಕ್ಸೈಡು ಬೆರೆತೆಡೆ ಕೆಂಪು ಇಲ್ಲವೆ ಕಂದು ಬಣ್ಣವೇರಿತು. ಆದುದರಿಂದಲೇ ಅಗೇಟನ್ನು ಸೀಳಿದಾಗ ಉಳ್ಳಾಗಡ್ಡಿಯನ್ನು ಅಡ್ಡ ಕೊಯ್ದಂತೆ ಪಟ್ಟೆಗಳು ತೋರುವವು. ಬಸಾಲ್ಟ್ ಕಾಲಕ್ರಮದಲ್ಲಿ ಶಿಥಿಲವಾಗಿ ಮಣ್ಣಾದರೂ ಅಗೇಟ್ ಸುಲಭವಾಗಿ ಸವೆಯದು. ಇಂತಹ ಸೀಮೆಗಳ ಹೊಲಗಳಲ್ಲಿಯೂ ಹಳ್ಳಗಳಲ್ಲಿಯೂ ಅದರ ಗುಂಡುಗಳು ದೊರೆಯುವುದುಂಟು.

ನಿಮಗೆ ದೊರೆತ ಕಲ್ಲು ಅಗೇಟೇ ಎಂದು ಪರೀಕ್ಷಿಸುವುದು ಹೇಗೆ? ಮೋಸ್ ಮಾನದಲ್ಲಿ ಇದರ ಕಾಠಿಣ್ಯ 6.5ರಿಂದ 7. ಇದು ಗಾಜನ್ನು ಗೀರುತ್ತದೆ; ಅಂತಹವೇ ಪೊಳ್ಳುಗಳಲ್ಲಿ ಬೆಳೆಯುವ ಬಿಳಿಯ ಕ್ಯಾಲ್ಸೈಟ್ ಗೀರಲಾರದು. ಗಾಳಿಯಲ್ಲಿ ಒಮ್ಮೆ, ನೀರಿನಲ್ಲಿ ಒಮ್ಮೆ ತೂಗಿ ಸಾಂದ್ರತೆಯನ್ನು ಕಂಡುಹಿಡಿಯಿರಿ: ಘನ ಸೆಂಟಿಮೀಟರಿಗೆ ಸುಮಾರು 2.6 ಗ್ರಾಂ ಬರಬೇಕು. ಅಗೇಟಿಗೆ ತುಕ್ಕಿಲ್ಲ, ಸವೆತ ಅತ್ಯಲ್ಪ, ಅಯಸ್ಕಾಂತಕ್ಕೆ ಅದು ಸೆಳೆಯಲ್ಪಡದು. ತಕ್ಕಡಿಗೆ ಬೇಕಾದ ಗುಣಗಳೂ ಇವೇ. ರಸಾಯನಶಾಸ್ತ್ರಜ್ಞರು ಗಟ್ಟಿ ವಸ್ತುಗಳನ್ನು ನುಣ್ಣಗೆ ಅರೆಯುವ ಪುಟ್ಟ ಕಲ್ಬತ್ತನ್ನೂ ಇದರಿಂದಲೇ ಮಾಡುವರು. ಎಳೆಗಳ ನಡುವಣ ಸೂಕ್ಷ್ಮರಂಧ್ರಗಳು ಬಣ್ಣವನ್ನು ಹೀರುವುದರಿಂದ, ಅಂಗಡಿಯ ಕಡುನೀಲಿ ಅಗೇಟ್ ಹೆಚ್ಚಾಗಿ ಬಣ್ಣ ಕಟ್ಟಿದ ಕಲ್ಲೇ ಆಗಿರುತ್ತದೆ.

ಆದರೆ ಈ ಹೊಳಪಿಗೆ ಬೆಲೆ ತೆತ್ತವರೂ ಇದ್ದಾರೆ. ಗುಜರಾತಿನ ಖಂಭಾತ್ ಅಗೇಟ್ ಮಣಿಗಳಿಗೆ ಹೆಸರಾದ ಊರು. ಅಲ್ಲಿ ಸಾಣೆ ಹಿಡಿಯುವ ಕೆಲಸಗಾರರಲ್ಲಿ ಅನೇಕರು ಸಿಲಿಕೋಸಿಸ್ ರೋಗಕ್ಕೆ ತುತ್ತಾಗಿದ್ದಾರೆ. ಕಣ್ಣಿಗೆ ಕಾಣದಷ್ಟು ನುಣುಪಾದ ಸಿಲಿಕದ ಧೂಳು ಶ್ವಾಸಕೋಶದ ಆಳಕ್ಕಿಳಿದು ಅಲ್ಲಿ ಗಾಯದ ಕಲೆಗಳನ್ನುಂಟುಮಾಡುತ್ತದೆ. ಹಾಗೆ ಕೆಟ್ಟ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧವಿಲ್ಲ. ನೀರು ಹಾಯಿಸುತ್ತ ಕೊರೆಯುವುದು, ಧೂಳನ್ನು ಹುಟ್ಟಿದಲ್ಲಿಯೇ ಹೀರಿ ತೆಗೆಯುವುದು, ಇವೇ ರಕ್ಷಣೆಯ ಮಾರ್ಗಗಳು. ಆದಕಾರಣ ವಿದ್ಯಾರ್ಥಿಗಳು ಕಲ್ಲನ್ನು ಸಂಗ್ರಹಿಸಲಿ, ತೂಗಲಿ, ಗೀರಿ ನೋಡಲಿ. ಒಣಗಲ್ಲನ್ನು ಮಾತ್ರ ಎಂದಿಗೂ ಸಾಣೆಗೆ ಹಿಡಿಯದಿರಲಿ.