ಈ ಮೆಮೊರಿ ಯಾರ ಲೆಕ್ಕಕ್ಕೆ?

ನಾಗಸಂದ್ರದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿ, ಊರಿನ ಇನ್ನೊಂದು ತುದಿಯ ಚಿಪ್ ಕಂಪನಿಗಳಿಗೆ ಕೆಲಸಕ್ಕೆ ಹೋಗುವವರಿದ್ದಾರೆ. ಅವರಲ್ಲಿ ಗ್ರಾಫಿಕ್ಸ್ ಡ್ರೈವರ್ ಬರೆಯುವವರ ಪಾಡು ವಿಚಿತ್ರ. ಪರದೆಯ ಮೇಲೆ ಚಿತ್ರ ಸೊಗಸಾಗಿ ಬಂದರೆ ಹೊಗಳಿಕೆ ಆಟಕ್ಕೋ ಸಿನಿಮಾಕ್ಕೋ ಸಲ್ಲುತ್ತದೆ. ಚಿತ್ರ ಬಾರದಿದ್ದಾಗ ಮಾತ್ರ ಡ್ರೈವರ್ ನೆನಪಾಗುತ್ತದೆ. ಅದರಲ್ಲೂ ಯಾವ ಪ್ರೋಗ್ರಾಂ ಎಷ್ಟು ಗ್ರಾಫಿಕ್ಸ್ ಮೆಮೊರಿ ಹಿಡಿದಿದೆ ಎಂದು ತೋರಿಸುವ ನಾಲ್ಕಾರು ಸಾಲು ತಿದ್ದಲು ಪರಿಶೀಲಕರು ಹತ್ತೆಂಟು ಪ್ರಶ್ನೆ ಕೇಳಿ ವಾಪಸು ಕಳಿಸಿದರು ಎಂದರೆ ಮನೆಯಲ್ಲಿ ಯಾರೂ ನಂಬುವುದಿಲ್ಲ. ಎಣಿಸಿ ಹೇಳುವುದಕ್ಕೆ ಅಷ್ಟೊಂದು ಏನಿದೆ?

ದಾಸರಹಳ್ಳಿ, ನಾಗಸಂದ್ರದ ವಠಾರಗಳಲ್ಲಿ ಬಾಡಿಗೆಗಿದ್ದವರಿಗೆ ಇದು ಬೇಗ ತಿಳಿದೀತು. ಆರು ಮನೆ, ನೀರೆತ್ತಲು ಒಂದೇ ಮೋಟರು, ಒಂದೇ ಮೀಟರು. ಬಿಲ್ ಬಂದಾಗ ಆರೂ ಮನೆಗೆ ಪೂರ್ತಿ ಮೊತ್ತ ಬರೆದರೆ ಅದು ಆರು ಪಟ್ಟಾಗುತ್ತದೆ. ಒಬ್ಬರ ತಲೆಗೆ ಕಟ್ಟಿದರೆ ಜಗಳ. ಆರರಿಂದ ಭಾಗಿಸಿದರೆ, ಒಂದು ಮನೆ ಖಾಲಿಯಾದ ತಿಂಗಳು ಉಳಿದವರ ಪಾಲು ಏರುತ್ತದೆ, ಅವರು ಒಂದು ಕೊಡ ನೀರೂ ಹೆಚ್ಚಿಗೆ ಬಳಸದಿದ್ದರೂ.

ಕಂಪ್ಯೂಟರಿನ ಮುಖ್ಯ ಮೆಮೊರಿಯ ಲೆಕ್ಕ ಈ ದಾರಿಗಳನ್ನು ಹಿಂದೆಯೇ ತುಳಿದಿದೆ. ಲಿನಕ್ಸ್‌ನ ಹಳೆಯ ಆರ್‌ಎಸ್‌ಎಸ್ ಎಂಬ ಅಂಕಿ, ಹಂಚಿಕೊಂಡ ಭಾಗವನ್ನು ಪ್ರತಿಯೊಬ್ಬರ ಹೆಸರಿಗೂ ಪೂರ್ತಿ ಬರೆಯುತ್ತದೆ. 2008ರಲ್ಲಿ ಬಂದ 2.6.25 ಆವೃತ್ತಿಯಲ್ಲಿ ಪಿಎಸ್‌ಎಸ್ ಸೇರಿತು. ಅದು ಭಾಗಿಸಿ ಹಂಚುತ್ತದೆ. ಗ್ರಾಫಿಕ್ಸ್ ಮೆಮೊರಿಗೆ ಈ ಮಟ್ಟಿನ ಲೆಕ್ಕವೂ ಬಹುಕಾಲ ಇರಲಿಲ್ಲ.

ಅದೇ 2008ರ ಕೊನೆಗೆ ಇಂಟೆಲ್‌ನ ಕೀತ್ ಪ್ಯಾಕರ್ಡ್ ಮತ್ತು ಎರಿಕ್ ಆನ್‌ಹೋಲ್ಟ್ ರೂಪಿಸಿದ ಜೆಮ್ ಎಂಬ ವ್ಯವಸ್ಥೆ ಲಿನಕ್ಸ್ ಕರ್ನಲ್ ಸೇರಿತು. ಪ್ರೋಗ್ರಾಂ ಕೇಳಿದಷ್ಟು ಜಾಗ ಕೊಟ್ಟು, ಗುರುತಿಗೆ ಒಂದು ಹ್ಯಾಂಡಲ್ ಕೊಡುವುದು ಅದರ ಕೆಲಸ. 2012ರ ಮಾರ್ಚ್‌ನಲ್ಲಿ ಬಂದ 3.3 ಆವೃತ್ತಿಯೊಂದಿಗೆ ಡಿಎಂಎ-ಬಫ್ ಬಂತು; ಅದರ ಮೂಲ ಕಡತದ ತಲೆಯಲ್ಲಿ ಲೇಖಕರೆಂದು ಇರುವ ಹೆಸರು ಸುಮಿತ್ ಸೆಮ್ವಾಲ್. ಲೆಕ್ಕ ಜಟಿಲವಾದದ್ದು ಇಲ್ಲಿಂದ. ಒಂದು ಸಾಧನ ತುಂಬಿದ ಜಾಗವನ್ನು ಇನ್ನೊಂದು ಸಾಧನ ನಕಲು ಮಾಡದೆ ಓದಲು ಅದು ದಾರಿ ಮಾಡಿಕೊಟ್ಟಿತು. ಪೀಣ್ಯದಂಥ ಕಡೆ ಬಿಡಿಭಾಗಗಳ ಮೇಲೆ ಕ್ಯಾಮೆರಾ ಹಿಡಿದು ಗೀರು, ಬಿರುಕು ಹುಡುಕುವ ಪೆಟ್ಟಿಗೆಗಳಿಗೆ ಇದು ವರ. 4ಕೆ ಅಳತೆಯ ಒಂದೇ ಚಿತ್ರ, ಒಂದು ಚುಕ್ಕಿಗೆ ನಾಲ್ಕು ಬೈಟಿನಂತೆ, 33 ಎಂಬಿ ತಿನ್ನುತ್ತದೆ. ಸೆಕೆಂಡಿಗೆ ಮೂವತ್ತು ಬಾರಿ ಅದನ್ನು ಅಲ್ಲಿಂದಿಲ್ಲಿಗೆ ನಕಲು ಮಾಡುತ್ತಾ ಕೂರುವುದು ಯಾರಿಗೆ ಬೇಕು? ಆದರೆ ಆ 33 ಎಂಬಿ ಈಗ ಕ್ಯಾಮೆರಾದ್ದೋ, ತಪಾಸಣೆ ಮಾಡುವ ಪ್ರೋಗ್ರಾಮಿನದೋ, ಪರದೆಗೆ ಬಳಿಯುವವನದೋ?

ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್ಪಿನ, ಬಳಕೆ ತೋರಿಸತೊಡಗಿದ್ದು 2017ರಲ್ಲಿ. ಲಿನಕ್ಸ್‌ನಲ್ಲಿ ಎಎಂಡಿ ಡ್ರೈವರ್ 2021ರಲ್ಲಿ ತನ್ನದೇ ಶೈಲಿಯಲ್ಲಿ ಅಂಕಿ ಕೊಡತೊಡಗಿತು. ಮರುವರ್ಷ, ಆಗ ಇಂಟೆಲ್‌ನಲ್ಲಿದ್ದ ತ್ವರ್ತ್ಕೊ ಉರ್ಸುಲಿನ್ ಎಲ್ಲ ಡ್ರೈವರುಗಳಿಗೂ ಒಪ್ಪುವ ಒಂದು ನಮೂನೆ ಬರೆದರು. ಓಡುತ್ತಿರುವ ಪ್ರತಿ ಪ್ರೋಗ್ರಾಮಿಗೂ ಲಿನಕ್ಸ್ 'ಪ್ರೊಕ್' ಎಂಬ ಜಾಗದಲ್ಲಿ, ಓದುವ ಕ್ಷಣಕ್ಕೆ ಹುಟ್ಟುವ ಪುಟ್ಟ ಕಡತಗಳನ್ನು ಇಟ್ಟಿರುತ್ತದಲ್ಲ, ಅವುಗಳ ಪೈಕಿ ಎಫ್‌ಡಿಇನ್‌ಫೋ ಎಂಬ ಗುಂಪಿನ ಕಡತಗಳಲ್ಲಿ ಈ ಸಾಲುಗಳು ಕಾಣಬೇಕು. ಎನ್‌ವಿಟಾಪ್‌ನಂಥ ಸಲಕರಣೆಗಳು ಓದುವುದು ಅದನ್ನೇ. ಆದರೆ ಮೆಮೊರಿಗೆ ಅಲ್ಲಿದ್ದದ್ದು ಒಂದೇ ಬಗೆಯ ಅಂಕಿ. ಆ ಅಂಕಿ ಯಾವ ಪ್ರಶ್ನೆಗೆ ಉತ್ತರ ಎಂಬುದು ಯಾರಿಗೂ ಸ್ಪಷ್ಟವಿರಲಿಲ್ಲ.

ಕ್ವಾಲ್‌ಕಾಮ್ ಜಿಪಿಯುಗಳಿಗೆ ಮುಕ್ತ ಡ್ರೈವರ್ ಆರಂಭಿಸಿದ ರಾಬ್ ಕ್ಲಾರ್ಕ್ 2023ರಲ್ಲಿ ಅದನ್ನು ಐದಾಗಿ ಒಡೆದರು: ಪಡೆದ ಒಟ್ಟು ಜಾಗ, ಅದರಲ್ಲಿ ಬೇರೆಯವರೊಂದಿಗೆ ಹಂಚಿಕೊಂಡದ್ದು, ನಿಜಕ್ಕೂ ಮೆಮೊರಿಯಲ್ಲಿ ಕೂತಿರುವುದು, ಬೇಕಾದರೆ ಕಿತ್ತುಕೊಳ್ಳಿ ಎಂದು ಪ್ರೋಗ್ರಾಮೇ ಬಿಟ್ಟುಕೊಟ್ಟದ್ದು, ಜಿಪಿಯು ಈ ಗಳಿಗೆಯಲ್ಲಿ ಬಳಸುತ್ತಿರುವುದು. ಹಂಚಿಕೊಂಡದ್ದನ್ನು ಅವರು ಭಾಗಿಸಲಿಲ್ಲ. ಎಲ್ಲರ ಹೆಸರಿಗೂ ಪೂರ್ತಿ ಬರೆದು, ಇಷ್ಟು ಹಂಚಿಕೆಯದು ಎಂದು ಪಕ್ಕದಲ್ಲಿ ಗುರುತು ಹಾಕಿದರು. ನನಗೆ ಇದೇ ಸರಿ ಅನ್ನಿಸುತ್ತದೆ. ಪಕ್ಕದ ಪ್ರೋಗ್ರಾಂ ಮುಚ್ಚಿದ್ದಕ್ಕೆ ನನ್ನ ಅಂಕಿ ಏರಿದರೆ, ಸೋರಿಕೆ ಎಲ್ಲಿದೆ ಎಂದು ಹುಡುಕುವವನ ದಿನ ಹಾಳು.

ಗುರುತು ಹಾಕುವುದರಲ್ಲೂ ಒಂದು ತೂತು ಉಳಿದಿತ್ತು. ಒಂದಕ್ಕಿಂತ ಹೆಚ್ಚು ಹ್ಯಾಂಡಲ್ ಇದ್ದರೆ ಹಂಚಿಕೆ ಎಂಬುದು ನಿಯಮ. ಆದರೆ ಡಿಎಂಎ-ಬಫ್ ಮೂಲಕ ಇನ್ನೊಂದು ಸಾಧನಕ್ಕೆ ಕೊಟ್ಟ ಜಾಗಕ್ಕೆ ಈ ಡ್ರೈವರಿನ ಒಳಗೆ ಒಂದೇ ಹ್ಯಾಂಡಲ್ ಇರಬಹುದು; ಕ್ಯಾಮೆರಾದವನೂ ಓದುತ್ತಿದ್ದರೂ ಅದು ಸ್ವಂತದ್ದೆಂದೇ ಕಾಣುತ್ತಿತ್ತು. 2024ರಲ್ಲಿ ಎಎಂಡಿಯ ಅಲೆಕ್ಸ್ ಡಾಯ್ಶರ್ ಡಿಎಂಎ-ಬಫ್ ಇದ್ದರೂ ಹಂಚಿಕೆ ಎಂದೇ ಎಣಿಸುವ ಪುಟ್ಟ ಸಹಾಯಕ ಫಂಕ್ಷನ್ ಸೇರಿಸಿ, ಉಳಿದ ಡ್ರೈವರುಗಳೂ ಅದನ್ನೇ ಕೇಳುವಂತೆ ಮಾಡಿದರು. ಅದರ ತಿರುಳು ಒಂದೇ ಸಾಲು.

ಇಂಥ ಬದಲಾವಣೆಯ ಪರಿಶೀಲನೆಗೆ ಕೂತವರು ಕೇಳುವ ಪ್ರಶ್ನೆಗಳು ಲೆಕ್ಕಪರಿಶೋಧಕರದ್ದೇ. ಗ್ರಾಫಿಕ್ಸ್ ಕಾರ್ಡಿನ ಸ್ವಂತ ಮೆಮೊರಿ ತುಂಬಿ, ಒಂದು ತುಂಡು ಮುಖ್ಯ ಮೆಮೊರಿಗೆ ಹೊರಟರೆ, ಅಲ್ಲಿ ಕಳೆದು ಇಲ್ಲಿ ಕೂಡುವವರಾರು? ನಡುವೆ ಯಾರಾದರೂ ಓದಿದರೆ ಏನು ಕಂಡೀತು? ಒಂದು ಬಾರಿ ಕೂಡಿದ್ದನ್ನು ಎರಡು ಬಾರಿ ಕಳೆದರೆ, ಮೈನಸ್ ಬರೆಯಲು ಜಾಗವಿಲ್ಲದ 64 ಬಿಟ್ ಸಂಖ್ಯೆ ಹಿಂದಕ್ಕೆ ಉರುಳಿ 20 ಅಂಕೆಗಳ ಭೂತವಾಗಿ ನಿಲ್ಲುತ್ತದೆ.

ಬೀಗದ ಪ್ರಶ್ನೆ ಇನ್ನೂ ಕಠಿಣ. ಎಎಂಡಿ ಡ್ರೈವರ್ ಯಾರಾದರೂ ಕೇಳಿದಾಗಲೆಲ್ಲ ಪ್ರೋಗ್ರಾಮಿನ ಎಲ್ಲ ತುಂಡುಗಳಿಗೂ ಬೀಗ ಹಾಕಿ, ಮೊದಲಿನಿಂದ ಎಣಿಸುತ್ತಿತ್ತು. ಅಪರೂಪಕ್ಕೆ ಕೇಳಿದರೆ ತೊಂದರೆಯಿಲ್ಲ. ತುಂಡುಗಳು ಸಾವಿರಾರಾಗಿ, ಅಳೆಯುವವನು ಮತ್ತೆ ಮತ್ತೆ ಕೇಳತೊಡಗಿದರೆ ಅಳತೆಯೇ ಕೆಲಸವನ್ನು ನಿಧಾನಿಸುತ್ತದೆ. 2024ರ ಕೊನೆಯಲ್ಲಿ ಈ ಪದ್ಧತಿ ಬಿಟ್ಟು, ತುಂಡಿನ ಸ್ಥಿತಿ ಬದಲಾದಾಗಲೇ ಖಾತೆ ತಿದ್ದುವ ವಿಧಾನ ಬಂತು. ಪರಿಶೀಲನೆಯಲ್ಲಿ ಅದು ಹಲವು ಆವೃತ್ತಿಗಳನ್ನು ಕಂಡಿತು. ಈ ವಿಧಾನದಲ್ಲಿ ಮರೆತ ಒಂದು ಕೂಡಿಕೆ ಮುಂದಿನ ಎಲ್ಲ ಅಂಕಿಯನ್ನೂ ಕೆಡಿಸುತ್ತದಲ್ಲ!

ಇನ್ನೊಂದು ಕಟ್ಟುಪಾಡಿದೆ. ಕಡತದಲ್ಲಿ ಒಮ್ಮೆ ಕಾಣಿಸಿದ ಸಾಲನ್ನು ತೆಗೆಯುವಂತಿಲ್ಲ. ಎಲ್ಲೋ ಯಾರದೋ ಪ್ರೋಗ್ರಾಂ ಅದನ್ನು ನಂಬಿಕೊಂಡಿರುತ್ತದೆ. ಹಾಗಾಗಿ ಎಎಂಡಿಯ ಆ ಹಳೆಯ ಒಂಟಿ ಅಂಕಿ, ದಾಖಲೆಯಲ್ಲಿ ರದ್ದಾದದ್ದು ಎಂದು ಬರೆಸಿಕೊಂಡೂ, ಹೊಸದೊಂದರ ಪಡಿಯಚ್ಚಾಗಿ ಉಳಿದಿದೆ.

ಇಂಟೆಲ್ ಹೊಸದಾಗಿ ಬರೆದ, 2024ರ ಮಾರ್ಚ್‌ನಲ್ಲಿ ಲಿನಕ್ಸ್ 6.8ರೊಂದಿಗೆ ಬಂದ ಎಕ್ಸ್‌ಇ ಡ್ರೈವರ್ ಕೂಡ ಇದೇ ನಮೂನೆಯಲ್ಲಿ ಲೆಕ್ಕ ಕೊಡುತ್ತದೆ. ಆ ಡ್ರೈವರಿನಲ್ಲಿ ಬೆಂಗಳೂರಿನ ಎಂಜಿನಿಯರುಗಳ ಕೈಯೂ ಇದೆ. ಎಎಂಡಿ ತನ್ನ ಅತಿದೊಡ್ಡ ವಿನ್ಯಾಸ ಕೇಂದ್ರ ಟೆಕ್ನೋಸ್ಟಾರ್ ಅನ್ನು 2023ರ ನವೆಂಬರ್‌ನಲ್ಲಿ ತೆರೆದದ್ದೂ ಈ ಊರಿನಲ್ಲೇ.

ಈವರೆಗೆ ಹೇಳಿದ್ದೆಲ್ಲ ಬರೀ ವರದಿಯ ಮಾತು. 2025ರ ಮಾರ್ಚ್‌ನ 6.14ರಲ್ಲಿ ಡಿಮೆಮ್ ಎಂಬ ನಿಯಂತ್ರಕ ಸೇರಿ, ಒಂದು ಗುಂಪಿನ ಪ್ರೋಗ್ರಾಮುಗಳಿಗೆ ಇಷ್ಟೇ ಗ್ರಾಫಿಕ್ಸ್ ಮೆಮೊರಿ ಎಂದು ಮಿತಿ ಹಾಕುವುದು ಸಾಧ್ಯವಾಯಿತು. ಅಲ್ಲಿ ಜಾಗ ಕೇಳಿ ಪಡೆದವರ ಖಾತೆಗೇ ಖರ್ಚು. ಹಂಚಿಕೊಂಡು ಓದುವವರಿಗೆ ಏನೂ ಬೀಳುವುದಿಲ್ಲ. ವರದಿಯ ನಿಯಮ ಒಂದು, ಮಿತಿಯ ನಿಯಮ ಇನ್ನೊಂದು. ಒಂದೇ ಜಿಪಿಯು ಸರ್ವರನ್ನು ನಾಲ್ಕು ತಂಡಗಳಿಗೆ ಹಂಚಿಕೊಡುವವರು ಎರಡೂ ಅಂಕಿಗಳನ್ನು ಮುಂದಿಟ್ಟುಕೊಂಡು, ಅವು ಏಕೆ ತಾಳೆಯಾಗುತ್ತಿಲ್ಲ ಎಂದು ತಲೆ ಕೆರೆದುಕೊಳ್ಳಬೇಕಾದೀತು.