ಕಂಟೇನರ್ ವ್ಯವಸ್ಥೆಗಳಲ್ಲಿ ಸ್ಥಾನಿಯೂ ಆದೇಶವೂ

ಒಂದೇ ಗಣಕಯಂತ್ರವು ಹಲವು ಯಂತ್ರಗಳಂತೆ ವರ್ತಿಸುವುದಕ್ಕೆ ಎರಡು ಮಾರ್ಗಗಳುಂಟು. ಯಂತ್ರದ ಅಂಗಗಳನ್ನೆಲ್ಲ ಅನುಕರಿಸಿ, ಒಳಗೆ ಬೇರೊಂದು ಕರ್ನೆಲನ್ನೇ ನಡೆಯಿಸುವುದು ಮೊದಲನೆಯದು. ಕೆವಿಎಂ ಇದಕ್ಕೆ ಉದಾಹರಣೆ. ಕರ್ನೆಲ್ ಒಂದೇ ಆಗಿದ್ದು, ಅದರ ಮೇಲೆ ನಡೆಯುವ ಕಾರ್ಯಗಳನ್ನು ಮಾತ್ರ ಒಂದಕ್ಕೊಂದು ಕಾಣದಂತೆ ವಿಂಗಡಿಸುವುದು ಎರಡನೆಯದು. ಇದಕ್ಕೇ ಕಂಟೇನರ್ ಎಂದು ಹೆಸರು. ಶಬ್ದವು ಒಂದೇ ಆದರೂ ಅದರಿಂದ ಬೋಧವಾಗುವ ವ್ಯವಸ್ಥೆಗಳು ಬೇರೆ ಬೇರೆ. ಇವನ್ನು ಒಂದೇ ನಿರ್ವಾಹಕ ತಂತ್ರಾಂಶವು ಆಳುವಾಗ ಉಂಟಾಗುವ ತೊಡಕನ್ನು ಇಲ್ಲಿ ವಿಚಾರಿಸತಕ್ಕುದಾಗಿದೆ.

2005ರಲ್ಲಿ ಆರಂಭವಾದ ಲಿಬ್‌ವರ್ಟ್ ಎಂಬ ಮುಕ್ತ ತಂತ್ರಾಂಶದ ಕ್ರಮವೇನೆಂದರೆ, ಮೇಲೆ ಎಲ್ಲಕ್ಕೂ ಒಂದೇ ಭಾಷೆ, ಕೆಳಗೆ ವ್ಯವಸ್ಥೆಗೊಂದು ಡ್ರೈವರ್. ಓಪನ್‌ವಿಝಡ್ ಮತ್ತು ಎಲ್‌ಎಕ್ಸ್‌ಸಿ ಎರಡಕ್ಕೂ ಅದರಲ್ಲಿ ಡ್ರೈವರುಗಳನ್ನು ರಚಿಸಿದರು. ವಿನೋದವೇನೆಂದರೆ, ಲಿಬ್‌ವರ್ಟಿನ ಎಲ್‌ಎಕ್ಸ್‌ಸಿ ಡ್ರೈವರು ಎಲ್‌ಎಕ್ಸ್‌ಸಿ ಯೋಜನೆಯವರ ಉಪಕರಣಗಳನ್ನು ಉಪಯೋಗಿಸುವುದೇ ಇಲ್ಲ. ಕರ್ನೆಲಿನ ನೇಮ್‌ಸ್ಪೇಸ್, ಸಿಗ್ರೂಪ್ ಎಂಬ ಸೌಕರ್ಯಗಳು ಇಬ್ಬರಿಗೂ ಸಮಾನವೇ. ಆದರೂ ಒಬ್ಬರು ಮಾಡಿದ ಕಂಟೇನರನ್ನು ಇನ್ನೊಬ್ಬರ ಉಪಕರಣವು ತನ್ನದೆಂದು ಅರಿಯದು. ನಾಮಸಾಮ್ಯದಿಂದ ವಸ್ತುಸಾಮ್ಯವನ್ನು ಊಹಿಸಿ ತೊಡಕಿಗೆ ಸಿಕ್ಕುವವರು ಶಾಸ್ತ್ರದಲ್ಲಿ ಮಾತ್ರ ಇರುವರೆಂದಲ್ಲ!

2008ರಲ್ಲಿ ಹೊರಬಂದ ಪ್ರಾಕ್ಸ್‌ಮಾಕ್ಸ್ ವಿಇ ಎಂಬ ನಿರ್ವಾಹಕದಲ್ಲಿ ಕಂಟೇನರುಗಳಿಗೆ ಓಪನ್‌ವಿಝಡ್ಡೇ ಆಧಾರವಾಗಿತ್ತು. ಅದಕ್ಕೆ ವಿಶೇಷವಾಗಿ ತಿದ್ದಿದ ಕರ್ನೆಲ್ ಬೇಕು. 3ನೆಯ ಆವೃತ್ತಿಯವರೆಗೂ ಹಳೆಯ 2.6.32ನ್ನೇ ಇದಕ್ಕಾಗಿ ಇರಿಸಿಕೊಳ್ಳಬೇಕಾಯಿತು. ಎಲ್‌ಎಕ್ಸ್‌ಸಿಗಾದರೋ ಮೂಲ ಲಿನಕ್ಸ್ ಕರ್ನೆಲೇ ಸಾಕು. ಆದುದರಿಂದ 2015ರ ಅಕ್ಟೋಬರಿನಲ್ಲಿ ಬಂದ 4.0ನೆಯ ಆವೃತ್ತಿಯು 4.2ನೆಯ ಕರ್ನೆಲನ್ನು ಹಿಡಿದು, ಓಪನ್‌ವಿಝಡ್ಡಿನ ಸ್ಥಾನದಲ್ಲಿ ಎಲ್‌ಎಕ್ಸ್‌ಸಿಯನ್ನು ಆದೇಶಿಸಿತು.

ಇಲ್ಲಿ ಒಂದು ಶಂಕೆ. ನಿರ್ವಾಹಕವು ಅದೇ ಆಗಿರಲು ಕೆಳಗಿನದು ಬದಲಾದರೆ ಬಾಧೆಯೇನು? ವ್ಯಾಕರಣದಲ್ಲಿ ಆದೇಶವು ಸ್ಥಾನಿಯ ಧರ್ಮವನ್ನು ಪಡೆಯುವುದಷ್ಟೆ. ಸಮಾಧಾನವೇನೆಂದರೆ, ಪಾಣಿನಿಯು ಅಲ್ಲಿಯೇ ಒಂದು ನಿಷೇಧವನ್ನೂ ಹೇಳಿರುವನು: ಸ್ಥಾನಿಯ ವರ್ಣವನ್ನು ಆಶ್ರಯಿಸಿದ ವಿಧಿಗಳಲ್ಲಿ ಈ ಅತಿದೇಶವು ಸಲ್ಲದು. ಕಂಟೇನರುಗಳಲ್ಲಿಯೂ ಹೀಗೆಯೇ. ಒಳಗಿನ ಕಡತಗಳು ಬಹುಮಟ್ಟಿಗೆ ಯಾವ ಒಂದು ವ್ಯವಸ್ಥೆಯನ್ನೂ ಆಶ್ರಯಿಸಿದುವಲ್ಲ. ಹಳೆಯ ಕಂಟೇನರನ್ನು ನಿಲ್ಲಿಸಿ, ವಿಝಡ್‌ಡಂಪಿನಿಂದ ಪ್ರತಿಯೆತ್ತಿ, ಹೊಸ ಯಂತ್ರದಲ್ಲಿ ಪಿಸಿಟಿ ಎಂಬ ಆಜ್ಞೆಯಿಂದ ಪುನಃ ಸ್ಥಾಪಿಸಿದರೆ ಅವು ಬಂದುಬಿಡುವುವು. ಜಾಲದ ಏರ್ಪಾಡು ಹಾಗಲ್ಲ. ಓಪನ್‌ವಿಝಡ್ಡಿನ ವೆನೆಟ್ ಎಂಬ ಜಾಲಮುಖಕ್ಕೆ ಸ್ವಂತ ಮ್ಯಾಕ್ ವಿಳಾಸವಿಲ್ಲ. ಹೊಸ ಏರ್ಪಾಡಿನಲ್ಲಿ ಮ್ಯಾಕ್ ವಿಳಾಸವುಳ್ಳ ವೀತ್ ಎಂಬುದನ್ನು ಬ್ರಿಡ್ಜಿಗೆ ಕೂಡಿಸಬೇಕು. ಆದುದರಿಂದ ವೆನೆಟ್ಟಿನವರು ಜಾಲವನ್ನು ಕೈಯಾರೆ ಹೊಸದಾಗಿಯೇ ಬರೆಯಬೇಕಾಯಿತು.

ಇದಕ್ಕಿಂತ ದೊಡ್ಡ ನಷ್ಟವೊಂದುಂಟು. ಓಪನ್‌ವಿಝಡ್ಡಿನಲ್ಲಿ ನಡೆಯುತ್ತಿರುವ ಕಂಟೇನರನ್ನು ನಿಲ್ಲಿಸದೆಯೇ ಮತ್ತೊಂದು ಯಂತ್ರಕ್ಕೆ ಸಾಗಿಸಬಹುದಾಗಿತ್ತು. 4.0ರಲ್ಲಿ ಆ ಸೌಕರ್ಯವು ಉಳಿಯಲಿಲ್ಲ. ಅದನ್ನೇ ನೆಚ್ಚಿದ್ದವರು ಕೆವಿಎಂ ಮಾರ್ಗವನ್ನು ಹಿಡಿಯಬೇಕು, ಇಲ್ಲವೆ 3.4ರಲ್ಲಿಯೇ ನಿಲ್ಲಬೇಕು, ಅದರ ಪೋಷಣೆಯಾದರೋ 2017ರಲ್ಲಿ ನಿಂತುಹೋಯಿತು.