ಇನ್ಸುಲಿನ್ ಮತ್ತು ಊಟದ ತ್ರೈರಾಶಿ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಶಾಲೆಯ ಹಳೆಯ ದಿನಗಳನ್ನು ಸ್ಮರಿಸಲು ನನಗಿಂತ ಹಿರಿಯರೂ ಸಮರ್ಥರೂ ಇದ್ದಾರೆಂದು ನನಗೆ ತೋರಿತು. ಆದುದರಿಂದ ಈ ಶಾಲೆಯಲ್ಲಿ ಕಲಿತ ಒಂದು ವಿದ್ಯೆಯು ಇಂದು ನನ್ನ ಆರೋಗ್ಯವನ್ನು ಹೇಗೆ ಕಾಯುತ್ತಿದೆ ಎಂಬುದನ್ನು ಬರೆಯಲು ಒಪ್ಪಿಕೊಂಡೆ. ಆ ವಿದ್ಯೆ ತ್ರೈರಾಶಿ. ಐದು ಸೇರಿಗೆ ಇಷ್ಟು ಬೆಲೆಯಾದರೆ ಎಂಟು ಸೇರಿಗೆಷ್ಟು ಎಂದು ಗುರುಗಳು ಕರಿಹಲಗೆಯ ಮೇಲೆ ಬರೆಯುತ್ತಿದ್ದಾಗ, ಇದೇ ಲೆಕ್ಕವನ್ನು ಮುಂದೊಂದು ದಿನ ಊಟದ ತಟ್ಟೆಯ ಮುಂದೆ ಕುಳಿತು ಮಾಡಬೇಕಾದೀತೆಂದು ನಾನು ಎಣಿಸಿರಲಿಲ್ಲ.

ನಾನು ವೈದ್ಯನಲ್ಲ, ಅನೇಕ ವರ್ಷಗಳಿಂದ ಮಧುಮೇಹಿ. ಮೊದಲು ಮಾತ್ರೆಗಳು, ಬಳಿಕ ರಾತ್ರಿಯೊಂದು ಇನ್ಸುಲಿನ್. ಅದೂ ಸಾಲದಾದಾಗ ಪ್ರತಿ ಊಟಕ್ಕೆ ಮೊದಲು ಚುಚ್ಚಿಕೊಳ್ಳುವ ಇನ್ಸುಲಿನ್ ಆರಂಭವಾಯಿತು. ಊಟದಲ್ಲಿರುವ ಶರ್ಕರಪಿಷ್ಟವನ್ನು, ಅಂದರೆ ಕಾರ್ಬೋಹೈಡ್ರೇಟನ್ನು, ಲೆಕ್ಕ ಹಾಕಿ ಅದಕ್ಕೆ ತಕ್ಕಷ್ಟು ಔಷಧ ತೆಗೆದುಕೊಳ್ಳಬೇಕೆಂದು ತಿಳಿಸಿದರು. ನನಗೆ ಕೊಟ್ಟ ಕಾಗದ ಇಂಗ್ಲಿಷಿನಲ್ಲಿತ್ತು, ವಿವರಣೆ ತೆಲುಗಿನಲ್ಲಿತ್ತು, ಉದಾಹರಣೆಗಳು ಬ್ರೆಡ್ಡಿನ ಹೋಳುಗಳವು. 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದ ನಮ್ಮ ನಾರಾಯಣಖೇಡ್ ತಾಲೂಕು ಆ ಬಳಿಕ ಮೆದಕ್ ಜಿಲ್ಲೆಗೂ 2016ರಲ್ಲಿ ಸಂಗಾರೆಡ್ಡಿ ಜಿಲ್ಲೆಗೂ ಸೇರಿತು. ಆಡಳಿತ ಬದಲಾದರೂ ನಮ್ಮ ಮನೆಯ ಒಲೆಯ ಮುಂದಿನ ಮಾತು ಕನ್ನಡವೇ, ತಟ್ಟೆಯಲ್ಲಿರುವುದು ಜೋಳದ ರೊಟ್ಟಿಯೇ. ರೊಟ್ಟಿಯ ಲೆಕ್ಕವನ್ನು ಕನ್ನಡದಲ್ಲಿ ಹೇಳುವುದು ಆವಶ್ಯಕವೆಂದು ನನಗನ್ನಿಸಿದೆ.

ಲೆಕ್ಕ ಏಕೆ ಬೇಕು?

ನಾವುಂಡ ಅನ್ನ, ರೊಟ್ಟಿ, ಬೆಲ್ಲ, ಹಣ್ಣುಗಳಲ್ಲಿರುವ ಶರ್ಕರಪಿಷ್ಟವು ಜೀರ್ಣವಾಗಿ ಬಹುಪಾಲು ಗ್ಲೂಕೋಸ್ ಆಗಿ ರಕ್ತವನ್ನು ಸೇರುತ್ತದೆ. ಅದನ್ನು ಜೀವಕೋಶಗಳು ಬಳಸಿಕೊಳ್ಳಲು ಇನ್ಸುಲಿನ್ ಬೇಕು. ಆರೋಗ್ಯವಂತರಲ್ಲಿ ಮೇದೋಜೀರಕ ಗ್ರಂಥಿಯು ತುತ್ತಿಗೆ ತಕ್ಕಷ್ಟು ಇನ್ಸುಲಿನ್ನನ್ನು ತಾನೇ ಅಳೆದು ಸುರಿಸುತ್ತದೆ. 1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಬಾಲಕನಿಗೆ ಅದನ್ನು ಮೊದಲು ಚುಚ್ಚಲಾಯಿತು. ಅಂದಿನಿಂದ ಔಷಧ ದೊರೆಯಿತು, ಆದರೆ ಅಳೆಯುವ ಕೆಲಸ ಗ್ರಂಥಿಯಿಂದ ನಮ್ಮ ಕೈಗೆ ಬಂದಿತು. ರಕ್ತದ ಸಕ್ಕರೆಯನ್ನು ಎಚ್ಚರಿಕೆಯಿಂದ ಹತೋಟಿಯಲ್ಲಿಟ್ಟರೆ ಕಣ್ಣು, ಮೂತ್ರಪಿಂಡ, ನರಗಳ ಹಾನಿ ಬಹಳಷ್ಟು ತಗ್ಗುತ್ತದೆಂಬುದನ್ನು ಅಮೆರಿಕ ಮತ್ತು ಕೆನಡಾಗಳಲ್ಲಿ 1,441 ರೋಗಿಗಳ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿಕೊಟ್ಟಿತು.

ಆರಂಭದಲ್ಲಿ ನಾನು ಎರಡು ತಪ್ಪುಗಳನ್ನು ಮಾಡಿದೆ. ಅನ್ನ ಸಕ್ಕರೆ ಕಾಯಿಲೆಗೆ ವಿಷ, ಜೋಳದ ರೊಟ್ಟಿ ಮಾತ್ರ ಔಷಧವೆಂಬ ನಂಬಿಕೆಯಿಂದ ಅನ್ನವನ್ನು ಬಿಟ್ಟು ರೊಟ್ಟಿಯನ್ನು ಎಣಿಸದೆ ಉಂಡೆ; ಸಕ್ಕರೆ ಇಳಿಯಲಿಲ್ಲ. ಎರಡನೆಯದು ಇದಕ್ಕಿಂತ ಅಪಾಯಕರ. ಸಂಬಂಧಿಕರ ಮದುವೆಯಲ್ಲಿ ಪಂಕ್ತಿ ಕೂಡುವ ಹೊತ್ತಾಯಿತೆಂದು ಸೂಜಿ ಚುಚ್ಚಿಕೊಂಡೆ. ಊಟ ಒಂದು ತಾಸು ತಡವಾಯಿತು. ಮೈ ಬೆವರಿ, ಕೈ ನಡುಗಿ, ಕಣ್ಣು ಮಂಜಾಗಿ ಚಪ್ಪರದ ಕಂಬ ಹಿಡಿದು ಕುಳಿತೆ. ತಂಗಿ ಓಡಿಬಂದು, “ಅಣ್ಣಾ, ಇದನ್ನು ಕುಡಿ” ಎಂದು ಸಕ್ಕರೆ ನೀರು ಕೊಡದಿದ್ದರೆ ಏನಾಗುತ್ತಿತ್ತೋ ತಿಳಿಯದು. ಇನ್ಸುಲಿನ್ ಆಹಾರದ ಹೆಸರನ್ನು ನೋಡುವುದಿಲ್ಲ, ಅದರ ಪ್ರಮಾಣವನ್ನು ನೋಡುತ್ತದೆ ಎಂಬುದು ಆ ದಿನ ಮನದಟ್ಟಾಯಿತು.

ರೊಟ್ಟಿಯ ಲೆಕ್ಕ

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದಂತೆ, 100 ಗ್ರಾಂ ಜೋಳದಲ್ಲಿ ಸುಮಾರು 68 ಗ್ರಾಂ, ಗೋಧಿ ಹಿಟ್ಟಿನಲ್ಲಿ 64, ಸಜ್ಜೆಯಲ್ಲಿ 62, ಅಕ್ಕಿಯಲ್ಲಿ 78, ತೊಗರಿಬೇಳೆಯಲ್ಲಿ 55 ಗ್ರಾಂ ಶರ್ಕರಪಿಷ್ಟವಿದೆ. ಜೋಳದಲ್ಲಿ ನಾರಿನಂಶ ಅಧಿಕವಾಗಿರುವುದು ಅದರ ಹಿರಿಮೆಯೇ ಸರಿ. ಆದರೆ ಅದು ಲೆಕ್ಕದಿಂದ ವಿನಾಯಿತಿ ಪಡೆಯುವಷ್ಟು ದೊಡ್ಡದಲ್ಲ.

ಪ್ರತಿ ಮನೆಯ ರೊಟ್ಟಿಯ ಗಾತ್ರ ಬೇರೆ. ಆದ್ದರಿಂದ ಒಂದು ದಿನ ನನ್ನ ಪತ್ನಿ ಅರ್ಧ ಕಿಲೋ ಹಿಟ್ಟನ್ನು ತೂಗಿ ಬಡಿದಾಗ ಎಂಟು ರೊಟ್ಟಿಗಳಾದವು. ಈಗ ತ್ರೈರಾಶಿ: 100 ಗ್ರಾಂ ಹಿಟ್ಟಿಗೆ 68 ಆದರೆ 500ಕ್ಕೆ 340, ಅದನ್ನು ಎಂಟರಿಂದ ಭಾಗಿಸಿದರೆ ರೊಟ್ಟಿಗೆ ನಲವತ್ತೆರಡೂವರೆ ಗ್ರಾಂ. ಎರಡು ರೊಟ್ಟಿಗೆ 85. ನನ್ನ ಪಾಲಿನ ಬೇಳೆ 25 ಗ್ರಾಂ, ಅದರಿಂದ 14. ಒಟ್ಟು 99. ನನಗೆ 15 ಗ್ರಾಂ ಶರ್ಕರಪಿಷ್ಟಕ್ಕೆ ಒಂದು ಯೂನಿಟ್ ಎಂದು ವೈದ್ಯರು ನಿಗದಿಪಡಿಸಿದ್ದಾರೆ. 99ನ್ನು 15ರಿಂದ ಭಾಗಿಸಿದರೆ ಆರೂವರೆಗಿಂತ ತುಸು ಹೆಚ್ಚು. ಊಟದ ಬಳಿಕ ಹೊಲಕ್ಕೆ ನಡೆಯುವುದಿದ್ದರೆ ಆರು, ಮನೆಯಲ್ಲೇ ಕುಳಿತಿರುವುದಿದ್ದರೆ ಏಳು ಎಂದು ಅವರೇ ತಿಳಿಸಿದ್ದಾರೆ. ಈ ಪ್ರಮಾಣ ಒಬ್ಬೊಬ್ಬರಿಗೆ ಒಂದೊಂದು. ಒಬ್ಬರಿಗೇ ಬೆಳಗ್ಗೆ ಒಂದು, ರಾತ್ರಿ ಇನ್ನೊಂದು ಇರಬಹುದು. ನನ್ನ ಅಂಕಿಯನ್ನು ಯಾರೂ ಅನುಸರಿಸಬಾರದು, ಕ್ರಮವನ್ನು ಮಾತ್ರ ಗ್ರಹಿಸಬೇಕು.

ಅನ್ನವು ಬೇಯುವಾಗ ನೀರು ಹೀರುವುದರಿಂದ 100 ಗ್ರಾಂ ಅನ್ನದಲ್ಲಿ ಸುಮಾರು 28 ಗ್ರಾಂ ಮಾತ್ರ ಇರುತ್ತದೆ. ಹಾಲು ಒಂದು ಲೋಟಕ್ಕೆ ಹತ್ತು, ಚಹಾದ ಸಕ್ಕರೆ ಚಮಚಕ್ಕೆ ಐದು. ಮೆಂತೆ, ಬದನೆ, ಹೀರೆಗಳನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಆಲೂಗಡ್ಡೆ, ಗೆಣಸುಗಳನ್ನು ಹಿಡಿಯಲೇಬೇಕು. ಪುಂಡಿಪಲ್ಯಕ್ಕೆ ಜೋಳದ ನುಚ್ಚು ಹಾಕಿದ್ದರೆ ನುಚ್ಚಿನ ಲೆಕ್ಕ ಬೇರೆ. ಹೋಳಿಗೆಯಲ್ಲಿ ಕಣಕ, ಬೇಳೆ, ಬೆಲ್ಲ ಮೂರೂ ಸೇರಿರುವುದನ್ನು ಮರೆಯಬಾರದು. ಎಣ್ಣೆ, ತುಪ್ಪ ಹೆಚ್ಚಿರುವ ಊಟದಲ್ಲಿ ಸಕ್ಕರೆ ತಡವಾಗಿ ಏರುತ್ತದೆ.

ಕೆಲವು ಎಚ್ಚರಿಕೆಗಳು

ತಟ್ಟೆ ಮುಂದೆ ಬರುವುದು ಖಚಿತವಾಗದೆ ಊಟದ ಇನ್ಸುಲಿನ್ ಚುಚ್ಚಿಕೊಳ್ಳಬಾರದು. ಎಷ್ಟು ನಿಮಿಷ ಮೊದಲು ಎಂಬುದು ಇನ್ಸುಲಿನ್ನಿನ ಬಗೆಯನ್ನು ಅವಲಂಬಿಸಿರುವುದರಿಂದ ವೈದ್ಯರನ್ನೇ ಕೇಳಬೇಕು. ಏಕಾದಶಿ, ಶಿವರಾತ್ರಿ, ರೋಜಾಗಳ ಉಪವಾಸಕ್ಕೆ ಮೊದಲೇ ಅವರ ಸಲಹೆ ಪಡೆಯಬೇಕು. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, ಹದಿನೈದು ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ನಮ್ಮಲ್ಲಿ ಸಿಗುವ ಸೀಸೆಗಳಲ್ಲಿ ಮಿಲಿಲೀಟರಿಗೆ 40 ಯೂನಿಟ್ಟಿನವೂ 100 ಯೂನಿಟ್ಟಿನವೂ ಇವೆ. 40ಕ್ಕೆ ಕೆಂಪು ಮುಚ್ಚಳದ, 100ಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜನ್ನೇ ಬಳಸಬೇಕು, ಅದಲುಬದಲಾದರೆ ಪ್ರಾಣಾಪಾಯ. ಫ್ರಿಜ್ ಇಲ್ಲದ ಮನೆಯಲ್ಲಿ ಬೇಸಗೆಯಲ್ಲಿ ಸೀಸೆಯನ್ನು ನೀರು ತಾಗದಂತೆ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ನೀರು ತುಂಬಿದ ಮಣ್ಣಿನ ಮಡಕೆಯ ತಂಪಿನಲ್ಲಿ ಇರಿಸಬಹುದು.

ಲೆಕ್ಕವು ಬಂಧನವೆಂದು ಮೊದಲು ನನಗೂ ತೋರಿತ್ತು. ಆದರೆ ಲೆಕ್ಕ ತಿಳಿದ ಮೇಲೆ ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಎಲ್ಲರೊಡನೆ ಕುಳಿತು ಸಜ್ಜೆ ರೊಟ್ಟಿ, ಭಜ್ಜಿ, ಅರ್ಧ ಹೋಳಿಗೆಯನ್ನು ಭಯವಿಲ್ಲದೆ ಉಣ್ಣುತ್ತಿದ್ದೇನೆ. ಈಗ ನನ್ನ ಮೊಮ್ಮಗಳು ಪಾಟಿ ಹಿಡಿದು ಬಂದು, “ಅಜ್ಜಾ, ಇವತ್ತು ಎಷ್ಟು ರೊಟ್ಟಿ?” ಎಂದು ಕೇಳಿ ಭಾಗಾಕಾರ ಮಾಡಿಕೊಡುತ್ತಾಳೆ. ಅವಳೂ ಇದೇ ಶಾಲೆಯ ವಿದ್ಯಾರ್ಥಿನಿ. ತ್ರೈರಾಶಿಯನ್ನು ಕನ್ನಡದಲ್ಲಿ ಕಲಿಸಿದ ಗುರುವೃಂದಕ್ಕೆ ನಮಿಸಿ, ಈ ಶಾಲೆಯು ಶತಮಾನೋತ್ಸವವನ್ನೂ ಕಾಣಲೆಂದು ಹಾರೈಸುತ್ತೇನೆ.